ಹಗುರ ಕಾರು, ಜಾಸ್ತಿ ಪವರ್: ಮೈಸೂರು, ಮಂಡ್ಯದ ರಸ್ತೆಗಳಲ್ಲಿ ಕಿಟ್ ಕಾರ್ ಓಡಿಸುವುದು ಹೇಗೆ

ಕಿಟ್ ಕಾರ್ ಅಂದರೆ ಬಿಡಿಭಾಗಗಳನ್ನು ತರಿಸಿಕೊಂಡು ಮನೆಯ ಗ್ಯಾರೇಜಿನಲ್ಲೇ ಜೋಡಿಸುವ ಕಾರು. ಇಂಗ್ಲೆಂಡಿನಲ್ಲಿ ಇದು ಬಹಳ ಹಳೆಯ ಹವ್ಯಾಸ. 1957ರಲ್ಲಿ ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪನಿ ಸೆವೆನ್ ಅನ್ನುವ ಪುಟ್ಟ ಕಾರನ್ನು ತಂದಿತು. 1973ರಲ್ಲಿ ಅದನ್ನು ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಉದ್ದ ಮೂತಿ, ಹೊರಗೆ ಕಾಣುವ ಚಕ್ರ, ಬಾಗಿಲು ಇಲ್ಲದ ಎರಡು ಸೀಟು, ಇಷ್ಟೇ. ಅದೇ ಆಕಾರದ ಕಾರುಗಳನ್ನು ಇವತ್ತಿಗೂ ಹಲವರು ಮಾಡುತ್ತಾರೆ, ಸಾವಿರಾರು ಜನ ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ.

ನಾನೂ ಡರ್ಬಿಯಲ್ಲಿ ಕೆಲಸದಲ್ಲಿದ್ದಾಗ ಅಂಥದ್ದೊಂದು ಕಟ್ಟಿದೆ. ನಮ್ಮಪ್ಪ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ದುಡಿದವರು, ಹಾಗಾಗಿ ಸ್ಪ್ಯಾನರ್ ಹಿಡಿಯುವುದು ಮನೆಯಲ್ಲೇ ಬಂದ ವಿದ್ಯೆ. ವರ್ಷಗಟ್ಟಲೆ ಆ ಕಾರನ್ನು ಅಲ್ಲಿನ ಬೆಟ್ಟದ ರಸ್ತೆಗಳಲ್ಲಿ ಓಡಿಸಿ, ಕೊನೆಗೆ ಒಂದು ಚಳಿಗಾಲ ಮೈಸೂರಿಗೂ ತಂದೆ. ಬ್ರಿಟನ್ ನಂಬರ್ ಪ್ಲೇಟ್ ಹಾಗೇ ಇಟ್ಟುಕೊಂಡು, ಕಾರ್ನೆಟ್ ಮೇಲೆ. ಕಾರ್ನೆಟ್ ಅಂದರೆ ಗಾಡಿಯನ್ನು ಸುಂಕ ಕಟ್ಟದೆ ತಾತ್ಕಾಲಿಕವಾಗಿ ತಂದು, ಗಡುವಿನೊಳಗೆ ವಾಪಸ್ ಒಯ್ಯುತ್ತೇನೆ ಎಂದು ಕೊಡುವ ಖಾತರಿ ಪತ್ರ. ಇಂಥ ಕಾರನ್ನು ನಮ್ಮ ಕಡೆ ರಸ್ತೆಯಲ್ಲಿ ಹೇಗೆ ಓಡಿಸಬೇಕು ಅಂತ ಅವತ್ತಿನಿಂದ ಕೇಳುವವರು ಜಾಸ್ತಿ. ಅದಕ್ಕೇ ಇದು.

ಇಲ್ಲೇ ಗ್ಯಾರೇಜಿನಲ್ಲಿ ಕಟ್ಟಿ ನಂಬರ್ ಹಾಕಿಸಬಹುದಾ ಅಂತಲೂ ಕೇಳುತ್ತಾರೆ. ಸುಲಭವಿಲ್ಲ. ರಸ್ತೆಗೆ ಇಳಿಯುವ ಗಾಡಿಯ ಮಾದರಿಗೆ ಪುಣೆಯ ಎ.ಆರ್.ಎ.ಐ. ಥರದ ಸಂಸ್ಥೆ ಪರೀಕ್ಷೆ ಮಾಡಿ ಒಪ್ಪಿಗೆ ಕೊಡಬೇಕು. ಹಳೇ ಕಾರಿಗೆ ದೊಡ್ಡ ಎಂಜಿನ್ ಕೂರಿಸೋಣ ಅಂದರೂ ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕಟ್ಟುವ ಆಸೆ ಇರುವ ಇಂಜಿನಿಯರಿಂಗ್ ಹುಡುಗರು ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ ತಂಡ ಸೇರಿಕೊಳ್ಳಿ. ಅದು ವಿದ್ಯಾರ್ಥಿಗಳೇ ಪುಟ್ಟ ರೇಸ್ ಕಾರು ಕಟ್ಟಿ ಓಡಿಸುವ ಸ್ಪರ್ಧೆ. ಬೈಕಿನ ಎಂಜಿನ್ ಹಾಕಿ ಕಟ್ಟುವ ಆ ಕಾರು ನನ್ನದಕ್ಕಿಂತಲೂ ಹಗುರ. ಓಡಿಸುವ ಪಾಠ ಮಾತ್ರ ಒಂದೇ. ಎನ್.ಐ.ಇ., ಎಸ್.ಜೆ.ಸಿ.ಇ., ಮಂಡ್ಯದ ಪಿ.ಇ.ಎಸ್. ಮುಗಿಸಿ ಇಂಗ್ಲೆಂಡಿಗೆ ಓದಲು ಹೋಗಿ, ಕೈಗೆ ನಾಲ್ಕು ಕಾಸು ಬಂದ ಮೇಲೆ ಇಂಥ ಕಾರು ಕೊಳ್ಳುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ತೂಕದ ಲೆಕ್ಕ

ನನ್ನ ಕಾರಿನ ತೂಕ ಸುಮಾರು 550 ಕೆ.ಜಿ. ಎಂಜಿನ್ 2 ಲೀಟರಿನ ಫೋರ್ಡ್, 180 ಕುದುರೆಶಕ್ತಿ. ಟನ್ನಿಗೆ ಲೆಕ್ಕ ಹಾಕಿದರೆ 327. ನಮ್ಮ ಬೀದಿಯಲ್ಲಿ ಮನೆಗೊಂದರಂತೆ ನಿಂತಿರುವ ಸ್ವಿಫ್ಟ್ 900 ಕೆ.ಜಿ. ಆಸುಪಾಸು, ಶಕ್ತಿ 80ರಿಂದ 90. ಟನ್ನಿಗೆ 100 ಬಂದರೆ ಹೆಚ್ಚು. ಹಳೇ ಮಾರುತಿ 800 ಕೂಡ ನನ್ನ ಕಾರಿಗಿಂತ ಸುಮಾರು 100 ಕೆ.ಜಿ. ಜಾಸ್ತಿ ತೂಗುತ್ತಿತ್ತು.

ಇದನ್ನು ಕೇಳಿದವರೆಲ್ಲ 180ಕ್ಕೆ ಬಾಯಿ ಬಿಡುತ್ತಾರೆ. ನೀವು 550ನ್ನು ನೋಡಿ. 1957ರ ಮೊದಲ ಸೆವೆನ್‌ನಲ್ಲಿ ಇದ್ದದ್ದು 1172 ಸಿ.ಸಿ.ಯ ಸಾಧಾರಣ ಫೋರ್ಡ್ ಎಂಜಿನ್, ಸುಮಾರು 40 ಕುದುರೆಶಕ್ತಿ. ಜನ ಅದಕ್ಕೂ ಮನಸೋತರು. ಯಾಕೆಂದರೆ ಸ್ಟೀರಿಂಗ್ ಮುಟ್ಟಿದ ಕೂಡಲೇ ಕಾರು ತಿರುಗುತ್ತದೆ, ಬ್ರೇಕ್ ಸರಿಯಾಗಿ ಒತ್ತಿದ ಕೂಡಲೇ ನಿಲ್ಲುತ್ತದೆ, ಕೆಳಗಿರುವ ರಸ್ತೆ ಬೆನ್ನಿಗೆ ಗೊತ್ತಾಗುತ್ತದೆ. ಈ ಸುಖ ಸಿಗುವುದು ತೂಕ ಇಲ್ಲದ್ದರಿಂದ. ಅದು ಗಂಟೆಗೆ 50 ಕಿ.ಮೀ.ನಲ್ಲೂ ಸಿಗುತ್ತದೆ. ನೆಲಕ್ಕೆ ಅಂಟಿದಂತೆ ಕೂತಿರುವುದರಿಂದ 60ರಲ್ಲಿ ಹೋದರೂ 100ರಲ್ಲಿ ಹೋದ ಹಾಗೆ ಇರುತ್ತದೆ. ನಮ್ಮ ರಸ್ತೆಗೆ ಇದಕ್ಕಿಂತ ಒಳ್ಳೆಯ ಗುಣ ಬೇಕಾ? ಹಗುರತನವನ್ನು ಓಡಿಸಿ, ಪವರ್ ಅನ್ನು ಅಲ್ಲ. ಮುಂದೆ ಹೇಳುವುದೆಲ್ಲ ಈ ಮಾತಿನ ಮೇಲೇ ನಿಂತಿದೆ.

ಇನ್ನೊಂದು ವಿಷಯ. ಇಂಥ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎ.ಬಿ.ಎಸ್. ಇಲ್ಲ, ಪವರ್ ಜಾಸ್ತಿಯಾಗಿ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಬ್ರೇಕಿಗೆ ಕಾಲಿನ ಒತ್ತನ್ನು ಹೆಚ್ಚಿಸಿಕೊಡುವ ಬೂಸ್ಟರ್ ಕೂಡ ಇಲ್ಲ. ಬೇರೆ ಕಾರಿನಲ್ಲಿ ಕಂಪ್ಯೂಟರ್ ಮಾಡುವ ಕೆಲಸವನ್ನೆಲ್ಲ ನಿಮ್ಮ ಕೈಕಾಲೇ ಮಾಡಬೇಕು.

ಹೊರಡುವ ಮುಂಚೆ

ಟೈರಿನ ಗಾಳಿ ನೀವೇ ನೋಡಿಕೊಳ್ಳಿ. ವಿಕ್ರಾಂತ್ ಟೈರ್ ಮಾಡಿದ ಊರು ನಮ್ಮದು, ಇಲ್ಲಿ ಟೈರ್ ಬಲ್ಲವರಿಗೆ ಬರವಿಲ್ಲ. ಆದರೂ ಪಂಕ್ಚರ್ ಅಂಗಡಿಯ ಹುಡುಗ ಯಾವ ಕಾರು ಬಂದರೂ ಅಭ್ಯಾಸಬಲದಿಂದ 30, 32 ಪಿ.ಎಸ್.ಐ. ಹೊಡೆದುಬಿಡುತ್ತಾನೆ. 900 ಕೆ.ಜಿ. ಕಾರಿಗೆ ಅದು ಸರಿ. 550 ಕೆ.ಜಿ.ಗೆ 18ರಿಂದ 20 ಸಾಕು. ಜಾಸ್ತಿ ಗಾಳಿ ಹಾಕಿದರೆ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ, ಚಿಕ್ಕ ಕಲ್ಲಿಗೂ ಕಾರು ನೆಗೆಯುತ್ತದೆ, ಬ್ರೇಕ್ ಒತ್ತಿದರೆ ಚಕ್ರ ಬೇಗ ಲಾಕ್ ಆಗುತ್ತದೆ. ಒಂದು ಒಳ್ಳೆಯ ಗೇಜ್ ಕೊಂಡು ಸೀಟಿನ ಪಕ್ಕ ಇಟ್ಟುಕೊಳ್ಳಿ. ಬೆಳಗ್ಗೆ, ಟೈರ್ ತಣ್ಣಗಿರುವಾಗಲೇ ಅಳೆಯಿರಿ.

ಟ್ರ್ಯಾಕಿಗೆ ಅಂತ ಬರುವ ಮೆತ್ತನೆಯ ಸೆಮಿ ಸ್ಲಿಕ್ ಟೈರ್ ಇಲ್ಲಿಗೆ ಬೇಡ. ಅವು ಬಿಸಿಯಾದ ಮೇಲೇ ಹಿಡಿಯುವುದು. ಭಾರದ ಕಾರು ಟೈರನ್ನು ಬೇಗ ಬಿಸಿ ಮಾಡುತ್ತದೆ, ಹಗುರ ಕಾರಿಗೆ ಆ ಭಾರವೇ ಇಲ್ಲ. ಡಿಸೆಂಬರಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಮೇಲೆ ಮಂಜು ಇರುವಾಗ ಹೊರಟರೆ, ಶ್ರೀರಂಗಪಟ್ಟಣ ದಾಟಿದರೂ ಟೈರ್ ತಣ್ಣಗೇ ಇರುತ್ತದೆ. ನೀರು ಹೊರದಬ್ಬುವ ಗೀರು ಚೆನ್ನಾಗಿರುವ ಮಾಮೂಲಿ ರೋಡ್ ಟೈರ್ ಹಾಕಿ. ಹಿಡಿತ ಸ್ವಲ್ಪ ಕಡಿಮೆ ಇರಬಹುದು. ಆದರೆ ಹಿಡಿತ ಬಿಡುವ ಮುಂಚೆ ಸೂಚನೆ ಕೊಡುತ್ತದೆ.

ಇನ್ನು ಕಾರಿನ ಎತ್ತರ. ಸೆವೆನ್ ಮಾದರಿಯ ಕಾರಿನಲ್ಲಿ ನೆಲಕ್ಕೆ ಅತಿ ಹತ್ತಿರ ಇರುವುದು ಎಂಜಿನ್ನಿನ ಕೆಳಗಿನ ಎಣ್ಣೆ ತಟ್ಟೆ, ಅಂದರೆ ಸಂಪ್. ನೆಲದಿಂದ 10 ಸೆಂ.ಮೀ. ಇದ್ದರೆ ಪುಣ್ಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆಯ ರೋಡ್ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅಷ್ಟು ಅಗಲ ಇದ್ದರೆ ಮೆಲ್ಲಗೆ ದಾಟಬಹುದು. ಹಳ್ಳಿಯವರು ಮಕ್ಕಳ ಜೀವ ಉಳಿಸಲು ರಾತ್ರೋರಾತ್ರಿ ಹಾಕಿಕೊಂಡ ಹಂಪ್ ಇದೆಯಲ್ಲ, ಅದು ಗಿಡ್ಡ ಅಗಲ, ದೊಡ್ಡ ಎತ್ತರ. ಸ್ಪ್ರಿಂಗ್ ಕೆಳಗಿನ ಬಳೆ ತಿರುಗಿಸಿ ಕಾರನ್ನು ಎಷ್ಟು ಎತ್ತಲು ಸಾಧ್ಯವೋ ಅಷ್ಟು ಎತ್ತಿ. ಸಂಪಿನ ಕೆಳಗೆ ದಪ್ಪ ಅಲ್ಯೂಮಿನಿಯಂ ತಗಡು ಕೂರಿಸಿ. ಪಕ್ಕದಲ್ಲಿ 70 ಕೆ.ಜಿ.ಯವರು ಕೂತರೆ ಕಾರಿನ ತೂಕ ಎಂಟನೇ ಒಂದು ಭಾಗ ಹೆಚ್ಚಾಗುತ್ತದೆ, ಕಾರು ಕೆಳಗಿಳಿಯುತ್ತದೆ. ಹಾಗಾಗಿ ಜೊತೆಗೊಬ್ಬರನ್ನು ಕೂರಿಸಿಕೊಂಡೇ ಎತ್ತರ ಅಳೆಯಿರಿ.

ಹಾರ್ನ್ ಜೋರಾಗಿರಲಿ. ಕಾಲಿಗೆ ತೆಳು ಅಟ್ಟೆಯ, ಕಿರಿದಾದ ಶೂ. ಮೂರು ಪೆಡಲ್ ಇಕ್ಕಟ್ಟಿನಲ್ಲಿ ಇರುತ್ತವೆ, ಅಗಲ ಶೂ ಹಾಕಿದರೆ ಬ್ರೇಕ್ ಜೊತೆ ಆಕ್ಸಿಲರೇಟರೂ ಒತ್ತಿಹೋಗುತ್ತದೆ. ಚಪ್ಪಲಿ ಬೇಡವೇ ಬೇಡ. ಮುಂಗಾಜು ಇಲ್ಲದ ಕಾರಾದರೆ ಮುಖ ಪೂರ್ತಿ ಮುಚ್ಚುವ ವೈಸರ್ ಇರುವ ಹೆಲ್ಮೆಟ್. ಮುಸ್ಸಂಜೆ ಗದ್ದೆ ಬಯಲಿನಲ್ಲಿ ಹುಳು ಕಣ್ಣಿಗೆ ಬಿದ್ದರೆ 40ರಲ್ಲೂ ಕಷ್ಟ.

ಮೊದಲ ದಿನಗಳು

ಎಂಜಿನ್ 3000 ಆರ್.ಪಿ.ಎಂ. ದಾಟದ ಹಾಗೆ ಓಡಿಸಿ. ಅಷ್ಟರಲ್ಲೇ ಸುತ್ತಲಿನ ಎಲ್ಲ ಗಾಡಿಗಳ ಜೊತೆ ಆರಾಮಾಗಿ ಸಾಗಬಹುದು. ಮೂರನೇ ಗೇರಿನಲ್ಲಿ ಇದ್ದುಬಿಡಿ. ಎರಡನೇ ಗೇರಿನಲ್ಲಿ ಹೆಬ್ಬೆರಳಿನಷ್ಟು ಜಾಸ್ತಿ ಒತ್ತಿದರೂ ಹಿಂದಿನ ಚಕ್ರ ಹಿಡಿತ ತಪ್ಪಿ ಸುಮ್ಮನೆ ಗಿರ್ರನೆ ತಿರುಗಿಬಿಡುತ್ತದೆ. ಮೂರನೆಯದರಲ್ಲಿ ಅದೇ ಒತ್ತಿಗೆ ಕಾರು ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಆಮೇಲೆ ಬ್ರೇಕ್. ಬೂಸ್ಟರ್ ಇಲ್ಲದ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಮೊದಲ ಸಲ ಒತ್ತಿದವರಿಗೆ ಬ್ರೇಕೇ ಇಲ್ಲ ಅನ್ನಿಸುತ್ತದೆ. ಗಾಬರಿಯಾಗಿ ತುಳಿದರೆ ಮುಂದಿನ ಚಕ್ರ ಲಾಕ್. ಲಾಕ್ ಆದ ಚಕ್ರ ತಿರುಗುವುದಿಲ್ಲ, ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಇದನ್ನು ಕಲಿಯಲು ಸಾರ್ವಜನಿಕ ರಸ್ತೆ ಜಾಗವಲ್ಲ. ಮಾಲೀಕರ ಒಪ್ಪಿಗೆ ತಗೊಂಡು ಯಾವುದಾದರೂ ಖಾಲಿ ಖಾಸಗಿ ಲೇಔಟ್ ಹುಡುಕಿ. ಎರಡು ಇಟ್ಟಿಗೆ ಗುರುತಿಡಿ. 40ರಲ್ಲಿ ಬಂದು ಬ್ರೇಕ್ ಒತ್ತಿ, ಪ್ರತಿ ಸಲ ಸ್ವಲ್ಪ ಜಾಸ್ತಿ, ಚಕ್ರ ಕಿರ್ ಅನ್ನುವ ತನಕ. ಆ ಶಬ್ದ ಬಂದ ಕೂಡಲೇ ಕಾಲನ್ನು ಪೂರ್ತಿ ತೆಗೆಯದೆ ಒಂದು ಎಳೆಯಷ್ಟು ಸಡಿಲಿಸಿ. ಚಕ್ರ ಮತ್ತೆ ಉರುಳುತ್ತದೆ. ಕಾಲಿಗೆ ಈ ಒತ್ತು ರೂಢಿಯಾಗುವ ತನಕ ಮಾಡಿ. ಒಣ ನೆಲದಲ್ಲಿ ಆದ ಮೇಲೆ ಟ್ಯಾಂಕರಿನಲ್ಲಿ ನೀರು ಹೊಡೆಸಿ ಮತ್ತೆ ಮಾಡಿ. ದುಡ್ಡು ಖರ್ಚಾಗುತ್ತದೆ, ಆದರೆ ಈ ಕಾರಿಗೆ ಇಷ್ಟು ಉಪಯೋಗದ ಖರ್ಚು ಇನ್ನೊಂದಿಲ್ಲ.

ಪೂರ್ತಿ 180 ಕುದುರೆಶಕ್ತಿ ನೋಡಲೇಬೇಕು ಅನ್ನುವವರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ. ಸುಮಾರು 2 ಕಿ.ಮೀ.ಗಿಂತ ಸ್ವಲ್ಪ ಉದ್ದದ ಟ್ರ್ಯಾಕ್, ಎದುರು ಎಮ್ಮೆ ಬರುವುದಿಲ್ಲ. ಕಾರನ್ನು ಟ್ರೈಲರ್ ಮೇಲೆ ಒಯ್ಯಿರಿ. ದಿಂಬಂ ಘಾಟಿಯ 27 ತಿರುವುಗಳಲ್ಲಿ ಲಾರಿಗಳ ನಡುವೆ ಇಂಥ ಕಾರು ಇಳಿಸುವುದು ಸುಮ್ನೆ ತೊಂದರೆ.

ರಸ್ತೆ ಓದುವುದು

ಇಂಗ್ಲೆಂಡಿನಲ್ಲಿ ಬಕ್ಸ್‌ಟನ್‌ನಿಂದ ಮ್ಯಾಕಲ್ಸ್‌ಫೀಲ್ಡಿಗೆ ಹೋಗುವ ಕ್ಯಾಟ್ ಆ್ಯಂಡ್ ಫಿಡಲ್ ಅನ್ನುವ ರಸ್ತೆ ಇದೆ. ಇಂಥ ಕಾರಿನವರಿಗೆ ಅದು ಯಾತ್ರಾಸ್ಥಳ. ಅಲ್ಲಿ ನೋಡಬೇಕಾದ್ದು ತಿರುವು, ಕುರಿ, ಒದ್ದೆ ಎಲೆ, ಮತ್ತೆ ಸರಾಸರಿ ವೇಗ ಅಳೆಯುವ ಕ್ಯಾಮೆರಾ. ನಮ್ಮಲ್ಲಿ ಓದಬೇಕಾದ್ದು ಅದಕ್ಕಿಂತ ಬಹಳ ಜಾಸ್ತಿ, ಮತ್ತೆ ಅದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಡಿಸೆಂಬರ್, ಜನವರಿಯಲ್ಲಿ ಒಕ್ಕಣೆ. ನಾಗಮಂಗಲ, ಪಾಂಡವಪುರದ ಕಡೆ ಒಳರಸ್ತೆಗೆ ಹೋದರೆ ರಾಗಿ ತೆನೆ, ಹುರುಳಿ ಗಿಡ ರಸ್ತೆ ತುಂಬ ಹರಡಿರುತ್ತಾರೆ. ಹೋಗಿಬರುವ ಗಾಡಿಯೇ ರೋಣಗಲ್ಲು. ಮಾಮೂಲಿ ಕಾರು ಅದರ ಮೇಲೆ ಹಾದುಹೋಗುತ್ತದೆ, ರೈತರಿಗೂ ಖುಷಿ. ನಮ್ಮ ಕಾರಿಗೆ ಅದು ಎರಡು ಥರ ಅಪಾಯ. ಒಂದು, ಸಿಪ್ಪೆಯಿಂದ ಬಿಟ್ಟುಕೊಂಡ ಹುರುಳಿ ಕಾಳು ಡಾಂಬರಿನ ಮೇಲೆ ಉರುಳಾಡುತ್ತದೆ. 550 ಕೆ.ಜಿ. ಭಾರಕ್ಕೆ ಕಾಳು ಪುಡಿಯಾಗುವುದಿಲ್ಲ, ಟೈರಿನ ಕೆಳಗೆ ಉರುಳುತ್ತದೆ. ಅಲ್ಲಿ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಎರಡನೆಯದು ಬೆಂಕಿ. ಕಾರಿನ ಹೊಟ್ಟೆ ಹುಲ್ಲನ್ನು ಉಜ್ಜಿಕೊಂಡೇ ಹೋಗುತ್ತದೆ. ಸೈಲೆನ್ಸರ್ ಕಾದ ಕಬ್ಬಿಣ. ಒಣ ಹುಲ್ಲಿನ ಎಳೆ ಆ್ಯಕ್ಸಲ್ಲಿಗೆ ಸುತ್ತಿಕೊಂಡು ಪೈಪಿಗೆ ತಾಗಿದರೆ ಹೊಗೆ ಏಳಲು ಹೆಚ್ಚು ಹೊತ್ತು ಬೇಡ. ಪೆಟ್ರೋಲ್ ಟ್ಯಾಂಕ್ ಇರುವುದು ಬೆನ್ನ ಹಿಂದೆ.

ಕನಗೋನಹಳ್ಳಿ ಕಡೆ ಒಂದು ಬೆಳಗ್ಗೆ ಹೀಗೆ ರಸ್ತೆ ಪೂರ್ತಿ ಹುರುಳಿ ಹಾಸಿದ್ದರು. ನಾನು ದೂರದಲ್ಲೇ ನಿಲ್ಲಿಸಿ ಇಳಿದೆ. ಒಕ್ಕಣೆ ಮಾಡುತ್ತಿದ್ದ ಅಜ್ಜಿ ಬಂದು, ಕಾರನ್ನು ಮೇಲಿಂದ ಕೆಳಕ್ಕೆ ನೋಡಿ, ಬಗ್ಗಿ ಅದರ ಅಡಿಯನ್ನೂ ನೋಡಿದರು. ಏನೂ ಕೇಳಲಿಲ್ಲ. ಕವೆಗೋಲು ತಗೊಂಡು ಒಂದು ಕಡೆಯಿಂದ ಹುಲ್ಲು ಎಳೆದು, ಎರಡು ಚಕ್ರಕ್ಕಾಗುವಷ್ಟು ದಾರಿ ಬಿಡಿಸಿದರು. ಆಮೇಲೆ ಮೊರದಲ್ಲಿ ಕಾಳನ್ನೂ ಬಳಿದುಕೊಂಡರು. ನಾನು ಒಂದನೇ ಗೇರಿನಲ್ಲಿ ನಡಿಗೆಯ ವೇಗದಲ್ಲಿ ದಾಟಿದೆ. ನೀವೂ ಹಾಗೇ ಮಾಡಿ: ನಿಲ್ಲಿಸಿ, ಇಳಿದು ಕೇಳಿ, ದಾರಿ ಬಿಡಿಸಿಕೊಂಡು ಹೋಗಿ. ದಾಟಿದ ಮೇಲೆ ಸ್ವಲ್ಪ ಮುಂದೆ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿಕೊಂಡ ಹುಲ್ಲನ್ನು ಇಕ್ಕುಳದಲ್ಲಿ ಎಳೆದು ಹಾಕಿ. ಬರಿಗೈ ಹಾಕಬೇಡಿ, ಸುಡುತ್ತದೆ. ಒಂದು ಕೆ.ಜಿ.ಯ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ.

ನಾಟಿ ಕಾಲದಲ್ಲಿ ಕೆಸರು. ಗದ್ದೆಯಿಂದ ಮೇಲೆ ಬಂದ ಟ್ರ್ಯಾಕ್ಟರಿನ ಚಕ್ರದಿಂದ ಹೆಂಟೆ ಹೆಂಟೆ ಕೆಸರು ರಸ್ತೆಗೆ ಬೀಳುತ್ತದೆ. ಮಳೆ ಹನಿದರೆ ಅದು ಸೋಪು. ಕೆಸರಿನ ಗುರುತು ಕಂಡ ಕೂಡಲೇ, ಅದು ಯಾವ ಗದ್ದೆಯಿಂದ ಬಂತು ಅಂತ ಹುಡುಕಿ. ಆ ಗದ್ದೆಯ ಬಾಯಿಂದ ಇನ್ನೊಂದು ಟ್ರ್ಯಾಕ್ಟರ್ ಬರುವುದು ಬಾಕಿ ಇರುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಮೈಷುಗರ್, ಕೆ.ಎಂ. ದೊಡ್ಡಿ, ಕೊಪ್ಪದ ಕಾರ್ಖಾನೆಗಳ ದಾರಿಯಲ್ಲಿ ಟ್ರೈಲರಿನಿಂದ ಉದುರಿದ ಕಬ್ಬಿನ ತುಂಡು. ದಪ್ಪ ಕಬ್ಬು ಸಂಪಿಗೆ ಹೊಡೆದರೆ ತೂತು ಬೀಳಬಹುದು. ಎಣ್ಣೆ ಪ್ರೆಷರ್ ಮೀಟರ್ ಕಣ್ಣಳತೆಯಲ್ಲೇ ಇರಲಿ. ಏನಾದರೂ ತಾಗಿದ ಶಬ್ದ ಬಂದರೆ ಮೊದಲು ನೋಡಬೇಕಾದ್ದು ಅದನ್ನೇ. ಮುಳ್ಳು ಬಿದ್ದರೆ ಅಲ್ಲೇ ಎಂಜಿನ್ ಆರಿಸಿ. ಆಲೆಮನೆ ಹೊಗೆ ರಸ್ತೆಗೆ ಅಡ್ಡ ಬಂದಿದ್ದರೆ ನಿಧಾನಿಸಿ. ಬೆಲ್ಲದ ಪಾಕದ ಆ ವಾಸನೆ ಮುಚ್ಚಿದ ಎ.ಸಿ. ಕಾರಿನವರಿಗೆ ಸಿಗುವುದೇ ಇಲ್ಲ. ನಿಂತು ಒಂದು ಲೋಟ ಕಬ್ಬಿನ ಹಾಲು ಕುಡಿದೇ ಹೋಗಿ.

ಮಾರ್ಚ್, ಏಪ್ರಿಲ್‌ನಲ್ಲಿ ಹೊಂಗೆ ಹೂ. ಮರದ ಕೆಳಗೆ ರಂಗೋಲಿ ಹಾಕಿದ ಹಾಗೆ ಚೆನ್ನಾಗಿ ಕಾಣುತ್ತದೆ, ಯುಗಾದಿಯ ಮೊದಲ ಮಳೆ ಬಿದ್ದಾಗ ಜಾರುತ್ತದೆ. ಆ ಮೊದಲ ಮಳೆಯ ಅರ್ಧ ಗಂಟೆ ಯಾವುದಾದರೂ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕಳೆಯಿರಿ. ತಿಂಗಳುಗಟ್ಟಲೆ ಸೋರಿದ ಎಣ್ಣೆ, ಧೂಳು ಎಲ್ಲ ಆಗ ಮೇಲೆ ತೇಲುತ್ತದೆ. ಜೋರು ಮಳೆ ತೊಳೆದ ಮೇಲೆ ರಸ್ತೆ ವಾಸಿ. ಹಂಪಿನ ಮೇಲಿನ ಬಿಳಿ ಬಣ್ಣದ ಪಟ್ಟಿ ಮಾತ್ರ ಯಾವಾಗಲೂ ಒದ್ದೆಯಲ್ಲಿ ಜಾರುತ್ತದೆ.

ಹಂಪ್ ಹತ್ತುವ ಕ್ರಮ ಹೀಗೆ. ಬ್ರೇಕ್ ಹಿಡಿದಾಗ ಕಾರಿನ ಮೂತಿ ಕೆಳಗಿಳಿಯುತ್ತದೆ, ಸಂಪ್ ಇನ್ನೂ ಕೆಳಗೆ ಹೋಗುತ್ತದೆ. ಆದ್ದರಿಂದ ಬ್ರೇಕ್ ಹಂಪಿಗೆ ಮುಂಚೆಯೇ ಮುಗಿಯಬೇಕು. ಮುಂದಿನ ಚಕ್ರ ಹತ್ತುವಾಗ ಬ್ರೇಕ್ ಬಿಟ್ಟು, ಒಂದನೇ ಗೇರಿನಲ್ಲಿ ಎಳೆದುಕೊಂಡು ಹೋಗಿ. ಹಿಂದೆ ಮುಂದೆ ಯಾರೂ ಇಲ್ಲದಿದ್ದರೆ ಸ್ವಲ್ಪ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ. ಹಿಂದೆ ಬೈಕ್ ಇದ್ದರೆ ಓರೆ ಮಾಡಬೇಡಿ, ಅವರು ಖಂಡಿತ ಆ ಸಂದಿಯಲ್ಲಿ ನುಗ್ಗುತ್ತಾರೆ.

ಗುಂಡಿಯ ವಿಷಯದಲ್ಲಿ ಹಗುರ ಕಾರು ಭಾರದ ಕಾರಿನ ಹಾಗಲ್ಲ. ಚಕ್ರ, ಹಬ್, ಬ್ರೇಕ್ ಇವುಗಳ ತೂಕ ಬೇರೆ ಕಾರಿಗಿಂತ ತೀರಾ ಕಡಿಮೆ ಏನಿಲ್ಲ. ಮೇಲಿನ ಮೈ ಮಾತ್ರ ಹಗುರ. ಗುಂಡಿಗೆ ಬಿದ್ದ ಚಕ್ರ ಎಗರಿದಾಗ ಅದನ್ನು ಅದುಮಿ ಹಿಡಿಯುವ ಭಾರ ಮೇಲೆ ಇಲ್ಲ, ಇಡೀ ಕಾರೇ ಪಕ್ಕಕ್ಕೆ ಹಾರುತ್ತದೆ. ತಪ್ಪಿಸಲು ಆಗದ ಗುಂಡಿಗೆ ಬ್ರೇಕ್ ಬಿಟ್ಟು, ಸ್ಟೀರಿಂಗ್ ನೇರ ಇಟ್ಟು, ಹಿಡಿ ಸಡಿಲ ಮಾಡಿ ಬೀಳಿ. ತಿರುವಿನ ನಡುವೆ ಗುಂಡಿ ಇರುತ್ತದೆ ಅಂತಲೇ ಲೆಕ್ಕ ಹಾಕಿಕೊಂಡು ಪ್ರತಿ ತಿರುವಿಗೂ ಹೋಗಿ.

ತಿರುವು

ಚಾಮುಂಡಿ ಬೆಟ್ಟ ಎಲ್ಲರೂ ಮೊದಲು ಕೇಳುವ ರಸ್ತೆ. ನಾನು ಬೇಡ ಅನ್ನುತ್ತೇನೆ. ವಾಕಿಂಗ್ ಬರುವವರು, ಸೈಕಲ್ಲಿನವರು, ಕೋತಿ, ಹರಕೆ ಹೊತ್ತು ನಡೆದು ಬರುವವರು, ನಗರ ಸಾರಿಗೆ ಬಸ್ಸು. ಅದು ದೇವಿಯ ಬೆಟ್ಟ, ಶಾಂತವಾಗಿ ಹತ್ತಿ ಇಳಿಯಿರಿ. ಜಕ್ಕನಹಳ್ಳಿ ಕಡೆಯಿಂದ ಮೇಲುಕೋಟೆಗೆ ಹತ್ತುವ ರಸ್ತೆ ನನಗೆ ಇಷ್ಟ. ಬೆಳಗ್ಗೆ ಬೇಗ, ವೈರಮುಡಿ ಜಾತ್ರೆ ಇಲ್ಲದ ದಿನ. ತಿರುವಿನ ಆಚೆ ಏನಿದೆ ಅಂತ ಬಂಡೆಯ ಸಂದಿಯಲ್ಲಿ ಕಾಣುತ್ತದೆ.

ಕೆಲಸ ಇಷ್ಟೇ. ನೇರ ಇರುವಾಗಲೇ ಬ್ರೇಕ್ ಮುಗಿಸಿ, ಗೇರ್ ಬದಲಿಸಿ. ಆಮೇಲೆ ಸ್ಟೀರಿಂಗ್. ತಿರುವಿನ ಪೂರ್ತಿ ಆಕ್ಸಿಲರೇಟರ್ ಮೇಲೆ ಕಾಲು ಒಂದೇ ಸಮ ಇರಲಿ. ಹೊರದಾರಿ ಕಂಡ ಮೇಲೆ, ಸ್ಟೀರಿಂಗ್ ನೇರವಾಗುತ್ತಾ ಬಂದ ಹಾಗೆ ಅಷ್ಟಷ್ಟೇ ಒತ್ತಿ. ಚಕ್ರ ಓರೆ ಇರುವಾಗ ಪವರ್ ಕೊಡಬೇಡಿ.

ಹೆಚ್ಚು ಜನ ಜಾರುವುದು ಒತ್ತಿದ್ದಕ್ಕಲ್ಲ, ತಟ್ಟನೆ ಬಿಟ್ಟದ್ದಕ್ಕೆ. ತಿರುವಿನ ಮಧ್ಯೆ ಬನ್ನೂರು ಕುರಿಯ ಹಿಂಡು ಕಂಡಿತು ಅಂತ ಇಟ್ಟುಕೊಳ್ಳಿ. ಕಾಲು ತಾನಾಗಿ ಮೇಲೆ ಬರುತ್ತದೆ. ಕಾರಿನ ಭಾರ ಮುಂದಕ್ಕೆ ಹೋಗುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಎರಡು ಆ್ಯಕ್ಸಲ್ ನಡುವಿನ ಅಂತರ ಕೇವಲ 2.2 ಮೀಟರ್ ಚಿಲ್ಲರೆ. ಉದ್ದ ಕಾರು ಜಾರಲು ಹೊತ್ತು ತಗೊಳ್ಳುತ್ತದೆ, ಇದು ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗಿ ನಿಲ್ಲುತ್ತದೆ. ಕಾಲನ್ನು ನಿಧಾನಕ್ಕೆ ಬಿಟ್ಟು, ಮೊದಲು ಸ್ಟೀರಿಂಗ್ ಸ್ವಲ್ಪ ನೇರ ಮಾಡಿ, ಆಮೇಲೆ ಬ್ರೇಕ್ ಹಿಡಿಯುವಷ್ಟು ಜಾಗ ನಿಮ್ಮ ಮುಂದೆ ಇರಬೇಕು. ಕಾಣುವಷ್ಟು ದೂರದ ಅರ್ಧದಲ್ಲಿ ನಿಲ್ಲಿಸಲು ಆಗುವ ವೇಗ, ಅದಕ್ಕಿಂತ ಜಾಸ್ತಿ ಬೇಡ. ಒಂಟಿ ರಸ್ತೆಯಲ್ಲಿ ಉಳಿದ ಅರ್ಧ ಎದುರು ಬರುವವರದು.

ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆಯ ಏರಿಯ ರಸ್ತೆಗಳಿಗೆ ಇಂಥ ಕಾರು ಒಯ್ಯಬೇಡಿ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಆ ನಾಲೆಗೆ ಉರುಳಿ 30 ಜನ ತೀರಿಕೊಂಡರು. ತಡೆಗೋಡೆ ಇಲ್ಲದ ಕಡೆ ಒಂದು ಸಣ್ಣ ಜಾರಿಕೆಗೂ ಅಲ್ಲಿ ಜಾಗವಿಲ್ಲ. ನಾಲ್ಕು ಪಟ್ಟಿಯ ಬೆಲ್ಟ್ ಬಿಗಿದುಕೊಂಡು ನೀರಿಗೆ ಬೀಳುವುದನ್ನು ಯೋಚಿಸುವುದೂ ಬೇಡ.

ಬೇರೆಯವರ ಕಣ್ಣಿಗೆ ಬೀಳುವುದು

ಈ ಕಾರಿನಲ್ಲಿ ಕೂತಾಗ ನಿಮ್ಮ ಕಣ್ಣು ಲಾರಿಯ ಚಕ್ರದ ನಡುಮಟ್ಟಕ್ಕಿಂತ ಸ್ವಲ್ಪ ಮೇಲೆ. ಲಾರಿ ಡ್ರೈವರಿಗೆ ಕನ್ನಡಿಯಲ್ಲಿ ನೀವು ಕಾಣುವುದೇ ಇಲ್ಲ. ಅವರದ್ದು ತಪ್ಪಲ್ಲ. ಹತ್ತಿರ ಅಂಟಿಕೊಂಡು ಹೋಗಬೇಡಿ, ದೂರ ನಿಂತರೆ ಕನ್ನಡಿಯಲ್ಲಿ ಕಾಣುತ್ತೀರಿ, ನಿಮಗೂ ಎಡಗಡೆ ಸಂದಿಯಿಂದ ಮುಂದಿನ ರಸ್ತೆ ಕಾಣುತ್ತದೆ. ಹಗಲಲ್ಲೂ ಹೆಡ್‌ಲೈಟ್ ಹಾಕಿ. ಕಡು ಹಳದಿ, ಕಿತ್ತಳೆ ಬಣ್ಣ ಒಳ್ಳೆಯದು, ಡಾಂಬರಿನ ಬಣ್ಣ ಬೇಡ. ಹಿಂದೆ ಹಾಕುವಾಗ ಹಾರ್ನ್ ಹೊಡೆದು, ಅವರ ಗಾಡಿ ಒಂಚೂರು ಎಡಕ್ಕೆ ಸರಿದದ್ದನ್ನು ನೋಡಿ, ಆಮೇಲೆ ಹೋಗಿ. ಇಲ್ಲಿ ಮಾತ್ರ ಪವರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಎದುರು ಬದಿಯಲ್ಲಿ ಇರುವ ಹೊತ್ತು ಅರ್ಧಕ್ಕರ್ಧ ಕಡಿಮೆ. ಮೂರನೇ ಗೇರ್, ನೇರ ರಸ್ತೆ, ಒಣ ನೆಲ.

ಬೆಂಗಳೂರು, ಮೈಸೂರು ಎಕ್ಸ್‌ಪ್ರೆಸ್‌ವೇ 118 ಕಿ.ಮೀ. ಉದ್ದ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, ಕಾರಿಗೆ 100ರ ಮಿತಿ, ಕ್ಯಾಮೆರಾ ಇದೆ. ಎಲ್ಲರೂ ಅಲ್ಲಿಗೇ ಹೋಗು ಅನ್ನುತ್ತಾರೆ. ನನಗೆ ಆ ರಸ್ತೆ ಈ ಕಾರಿಗಲ್ಲ ಅನ್ನಿಸುತ್ತದೆ. ತಿರುವಿಲ್ಲ, ಲಾರಿಯ ಗಾಳಿ ಕಾರನ್ನು ತಳ್ಳುತ್ತದೆ, ಮೂತಿ ಹಗುರಾಗಿ ಸ್ಟೀರಿಂಗ್ ತೇಲಿದ ಹಾಗಾಗುತ್ತದೆ. ಬನ್ನೂರು, ಮಳವಳ್ಳಿ ಮೇಲೆ ಶಿವನಸಮುದ್ರದ ಕಡೆಗೋ, ತಿ. ನರಸೀಪುರದ ಮೇಲೆ ತಲಕಾಡಿಗೋ ಹೋಗಿ. ಕತ್ತಲಾಗುವ ಮುಂಚೆ ಮನೆ ಸೇರಿ. ಕಬ್ಬು ಹೊತ್ತ ಜೋಡಿ ಟ್ರೈಲರ್ ಹಿಂದೆ ದೀಪ ಇರುವುದು ಅಪರೂಪ, ಅದರ ಹಿಂಬದಿಯ ಕಬ್ಬಿಣ ಸರಿಯಾಗಿ ನಿಮ್ಮ ತಲೆಯ ಮಟ್ಟಕ್ಕೇ ಇರುತ್ತದೆ.

ಊರೊಳಗೆ ಬೈಕಿನ ಹುಡುಗರು. ಒಂದು ಕೈಯಲ್ಲಿ ಫೋನ್ ಹಿಡಿದು ವಿಡಿಯೋ ಮಾಡುತ್ತಾ ಪಕ್ಕದಲ್ಲೇ ಬರುತ್ತಾರೆ, ಕಣ್ಣು ನಿಮ್ಮ ಕಾರಿನ ಮೇಲೆ, ಮುಂದಿನ ರಸ್ತೆ ಮೇಲಲ್ಲ. ಆಕ್ಸಿಲರೇಟರ್ ಒತ್ತಿ ತೋರಿಸಬೇಡಿ, ಅವರೂ ಒತ್ತುತ್ತಾರೆ. ಎಡಕ್ಕೆ ಸಿಗ್ನಲ್ ಹಾಕಿ ನಿಲ್ಲಿಸಿ, ಬೇಕಾದಷ್ಟು ಫೋಟೋ ತಗೊಳ್ಳಲಿ, ಎರಡು ಮಾತಾಡಿ ಕಳಿಸಿ. ಅವರು ಕ್ಷೇಮವಾಗಿ ಮನೆಗೆ ಹೋಗುವುದು ನಿಮ್ಮ ಕೈಯಲ್ಲೂ ಇದೆ.

ಹಳ್ಳಿಯಲ್ಲಿ ನಿಲ್ಲಿಸಿದರೆ ಮಕ್ಕಳು ಮುತ್ತಿಕೊಳ್ಳುತ್ತಾರೆ. ಸೈಲೆನ್ಸರ್ ಕಾರಿನ ಪಕ್ಕದಲ್ಲಿ, ಐದು ವರ್ಷದ ಮಗುವಿನ ಕೈ ಎತ್ತರಕ್ಕೇ ಇದೆ. ಹೊಳೆಯುವ ಪೈಪ್ ಕಂಡರೆ ಮಗು ಮುಟ್ಟೇ ಮುಟ್ಟುತ್ತದೆ. ತೂತಿರುವ ರಕ್ಷಣೆ ತಗಡು ಹಾಕಿಸಿ, ಆದರೂ ಸಾಲದು. ಆ ಬದಿ ಗೋಡೆಗೆ ಬರುವ ಹಾಗೆ ನಿಲ್ಲಿಸಿ. ಗೋಡೆ ಇಲ್ಲದಿದ್ದರೆ ನೀವೇ ಆ ಕಡೆ ನಿಂತುಕೊಳ್ಳಿ, ಪೈಪ್ ತಣ್ಣಗಾಗುವ ತನಕ ಕದಲಬೇಡಿ. ಆಮೇಲೆ ಒಬ್ಬೊಬ್ಬರನ್ನೇ ಸೀಟಿನಲ್ಲಿ ಕೂರಿಸಿ, ಸ್ಟೀರಿಂಗ್ ಹಿಡಿಸಿ.

ಮನೆಗೆ ಬಂದ ಮೇಲೆ

ಕಾರು ನೀವೇ ಕಟ್ಟಿದ್ದಲ್ವಾ, ನೋಡಿಕೊಳ್ಳುವುದೂ ನೀವೇ. ನಮ್ಮ ರಸ್ತೆಯ ನಡುಕಕ್ಕೆ ನಟ್ಟು ಸಡಿಲವಾಗುತ್ತದೆ. ಕಟ್ಟುವಾಗಲೇ ಪ್ರತಿ ಮುಖ್ಯ ನಟ್ಟಿನ ಮೇಲೂ ಬೋಲ್ಟಿನ ಮೇಲೂ ಸೇರಿಸಿ ಹಳದಿ ಬಣ್ಣದ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ಅರ್ಥ. ಟಾರ್ಚ್ ಹಿಡಿದು ಮುಂದಿನ ಸಸ್ಪೆನ್ಷನ್ ತೋಳು, ಸ್ಟೀರಿಂಗ್ ರ‍್ಯಾಕಿನ ಕ್ಲಾಂಪ್, ಹಿಂದಿನ ಆ್ಯಕ್ಸಲ್ ಹಿಡಿಕೆ, ಸೀಟ್ ಬೆಲ್ಟಿನ ಬೋಲ್ಟ್ ನೋಡಿ. ಬೆಸುಗೆಯ ಪಕ್ಕ ಕೂದಲೆಳೆಯ ಬಿರುಕು ಇದೆಯಾ ಅಂತ ಬೆರಳು ಸವರಿ. ಚಕ್ರದ ನಟ್ಟನ್ನು ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿ ಮಾಡಿ. ಮಂಡ್ಯದ ಬೇಸಿಗೆಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತು ಬಂದಿದ್ದರೆ ರೇಡಿಯೇಟರ್ ನೀರು, ಫ್ಯಾನಿನ ವೈರ್ ಕೂಡ. ಸಂಪಿನ ತಗಡಿನ ಮೇಲೆ ಹೊಸ ಗೀರು ಬಿದ್ದಿದ್ದರೆ, ಅದು ಎಲ್ಲಿಯ ಹಂಪ್ ಅಂತ ನೆನಪು ಮಾಡಿಕೊಂಡು ಬರೆದಿಡಿ. ಮುಂದಿನ ಸಲ ಆ ದಾರಿಗೆ ಹೋಗುವ ಮುಂಚೆ ಬೈಕಿನಲ್ಲಿ ಹೋಗಿ ಅದರ ಎತ್ತರ ಅಳೆದುಕೊಂಡು ಬನ್ನಿ.